ಮಂಗಳವಾರದ ಕ್ರಿಯಾಪದ

ಲರ್ವಿಕ್ ಬಂದರಿನ ಹಿಂದೆ
ಬಲೆ ಹೊಲಿಯುತ್ತಿದ್ದ ಹಳೇ ಗೋದಾಮಿನ ಮಾಳಿಗೆಯಲ್ಲಿ
ಸಂಜೆ ಏಳಕ್ಕೆ ಇಂಗ್ಲಿಷ್ ತರಗತಿ.
ಪುಕ್ಕಟೆ. ಚಹಾ ಕೂಡ.
ಚಹಾ ಕಾಯಿಸುವವಳು ನಾನು.

ರೋಡಾ ಇಸ್ಬಿಸ್ಟರ್, ವಯಸ್ಸು ಎಪ್ಪತ್ತೊಂದು,
ಹಲಗೆಯ ಮೇಲೆ ಒಂದೇ ಪದ ಬರೆದರು:
ಕೀಪ್.
ಇದೊಂದು ಬಂದರೆ ಅರ್ಧ ಇಂಗ್ಲಿಷ್ ಬಂದಂತೆ, ಅಂದರು.
ಹೋದ ವಾರ ‘ಗೆಟ್’ ಬಗ್ಗೆಯೂ
ಹೀಗೇ ಅಂದಿದ್ದರು.

ಕೋಳಿ ಸಾಕಿದರೆ ಕೀಪ್, ಕೊಟ್ಟ ಮಾತಿಗೆ ತಪ್ಪದಿದ್ದರೆ ಕೀಪ್.
ಡೈರಿ ಬರೆದರೆ, ಅಂಗಡಿ ಇಟ್ಟರೆ,
ಗುಟ್ಟು ಬಾಯಿಬಿಡದಿದ್ದರೆ, ರಸ್ತೆಯ ಎಡಕ್ಕೇ ಹೋದರೆ,
ಟ್ಯಾಕ್ಸಿಯವನಿಗೆ ಚಿಲ್ಲರೆ ಬೇಡ ಅಂದರೆ—
ಎಲ್ಲವೂ ಒಂದೇ ಚೀಲದೊಳಗೆ.

ಮೀನು ಕಾರ್ಖಾನೆಯಿಂದ ನೆಟ್ಟಗೆ ಬಂದಿದ್ದ ರಸ್ಮಾ
ಇನ್ನೂ ಕೆಂಪಗಿದ್ದ ಬೆರಳೆತ್ತಿದಳು:
ಸಾಲ್ಮನ್ ಕೂಡ ಕೀಪ್ ಆಗತ್ತೆ. ಐಸಿನಲ್ಲಿ, ಹನ್ನೆರಡು ದಿನ.
ಸರಿ, ಅಂದರು ರೋಡಾ. ಅಲ್ಲಿ ಅದು ಕೆಡದಿರುವುದು.

ತೆಸ್ಫಾಲೆಮ್ ಪೆನ್ನು ಕೆಳಗಿಟ್ಟ.
ಗಡಿಯಲ್ಲಿ ನನ್ನನ್ನು ಹನ್ನೊಂದು ತಿಂಗಳು
ಕೀಪ್ ಮಾಡಿದ್ದರು.
ಅದೂ ಇದೇನಾ?

ಸ್ವಲ್ಪ ಹೊತ್ತು ಕೆಟಲಿನ ಸದ್ದೊಂದೇ.
ಅದೂ ಇದೇ.
ಕೋಟೆಯ ನಡುವಿನ ಗೋಪುರಕ್ಕೂ ಇದೇ ಹೆಸರು.
ಕಾಪಾಡಲಿ, ಕೂಡಿಹಾಕಲಿ,
ಗೋಡೆ ಅದೇ ಕಲ್ಲಿನದು.

ನಾನು ಲೋಟಗಳಿಗೆ ಹಾಲು ಬಿಡುತ್ತ
ನನ್ನ ನುಡಿಯ ಟ್ರಂಕು ತೆಗೆದೆ.
ಇಡು, ಇಟ್ಟುಕೋ, ಉಳಿಸು, ಪಾಲಿಸು, ಕಾಪಿಡು:
ಒಂದು ಬೀಗಕ್ಕೆ
ಗೊಂಚಲು ತುಂಬ ಕೀಲಿಕೈ.
ಆಮೇಲೆ ಕಾಯು.
ಬಸ್ಸಿಗೆ ಕಾಯುತ್ತೇವೆ, ಬೆಳೆ ಕಾಯುತ್ತೇವೆ,
ಒಲೆಯ ಮೇಲೆ ನೀರು ಕಾಯುತ್ತದೆ.
ನಿಂತಲ್ಲೇ ನಿಂತವರು ಒಳಗೇ ಬಿಸಿಯಾಗುತ್ತಾರೆಂದು
ಯಾವ ಅಜ್ಜಿಗೆ ಮೊದಲು ತಿಳಿಯಿತೋ.
ತಳದಲ್ಲಿತ್ತು ಸಾಕು.
ದನ ಸಾಕು, ಮಗು ಸಾಕು,
ಬಡಿಸುವವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು—
ಸಾಕು.
ಸಾಕುವವರೇ ಸಾಕು ಅಂದರೆ?
ವ್ಯಾಕರಣದ ಮೇಷ್ಟರು
ಆ ಪ್ರಶ್ನೆ ಕೇಳಿರಲಿಲ್ಲ.

ಬಿಡುವಿನಲ್ಲಿ ರೋಡಾ ಬಿಸ್ಕತ್ತು ಅದ್ದುತ್ತ ಹೇಳಿದರು:
ಅಪ್ಪ ಲೈಟ್‌ಹೌಸಿನ ಕೀಪರ್.
ಏನನ್ನು ಇಟ್ಟುಕೊಳ್ಳುತ್ತಾನೆ ಅಂತ ನನಗೆ ಚಿಕ್ಕಂದಿನಲ್ಲಿ ತಿಳಿಯುತ್ತಿರಲಿಲ್ಲ.
ಬೆಳಕು ಅನ್ನೋಣವೆಂದರೆ
ರಾತ್ರಿಯೆಲ್ಲ ಅದನ್ನು ಹೊರಗೇ ಎಸೆಯುತ್ತಿದ್ದ,
ಇಪ್ಪತ್ತು ಸೆಕೆಂಡಿಗೊಮ್ಮೆ,
ಮುಖ ಕಾಣದ ಹಡಗಿನವರಿಗೆ.
ಆಮೇಲೆ ಯಂತ್ರ ಬಂತು.
ದೀಪ ತನ್ನನ್ನು ತಾನೇ ಕಾಯ್ದುಕೊಂಡಿತು.
ಅಪ್ಪ ಊರೊಳಗಿನ ಬಾಡಿಗೆ ಮನೆಯಲ್ಲಿ
ರಾತ್ರಿ ಎರಡಕ್ಕೆ ಎದ್ದು, ಕಿಟಕಿ ತೆಗೆದು,
ನೋಟುಬುಕ್ಕಿನಲ್ಲಿ ಬರೆಯುತ್ತಿದ್ದ:
ಗಾಳಿ ವಾಯವ್ಯ. ಮಳೆ ಇಲ್ಲ.
ಅಡಿಗೆಮನೆಯ ಬಲ್ಬು ಸರಿಯಾಗಿದೆ.

ಮೊದಲು ನಕ್ಕವನು ತೆಸ್ಫಾಲೆಮ್.
ಆಮೇಲೆ ನಗಬಾರದಿತ್ತೇನೋ ಎಂಬಂತೆ
ಲೋಟದೊಳಗೆ ನೋಡಿದ.

ಕೊನೆಯ ಹತ್ತು ನಿಮಿಷ, ಸ್ವಂತ ವಾಕ್ಯ.
ಅವನು ಬರೆದದ್ದು:
ತಂಗಿಯ ನಂಬರಿಗೆ ಈಗ ರಿಂಗ್ ಹೋಗುವುದಿಲ್ಲ.
ನಾನು ಕೀಪ್.

ಕೆಂಪು ಪೆನ್ನು ಕಾಗದದ ಮೇಲೆ ನಿಂತಿತು.
ಇದಕ್ಕೊಂದು ಕರ್ಮಪದ ಬೇಕು, ಅಂದರು ರೋಡಾ.
ಏನನ್ನು?
ನಂಬರನ್ನೋ, ಆಸೆಯನ್ನೋ, ಮೌನವನ್ನೋ?
ಅವನು ಭುಜ ಕುಣಿಸಿದ.

ಪೆನ್ನಿನ ಮುಚ್ಚಳ ಹಾಕಿಯೇ ಅವರು ಅಂದದ್ದು
ಇಂಗ್ಲಿಷಿನಲ್ಲಿ, ಅದೇ ಕ್ರಿಯಾಪದದಲ್ಲಿ.
ನನಗೆ ಕೇಳಿಸಿದ್ದು ಮಾತ್ರ,
ಇರಲಿ.

ಹೊರಗೆ ಫೆರಿ ಕೂಗಿತು. ಕೋಟುಗಳು ಮೈಗೇರಿದವು.
ಉಳಿದ ನಾಲ್ಕು ಬಿಸ್ಕತ್ತು ಕಾಗದದಲ್ಲಿ ಸುತ್ತುತ್ತ
ರಸ್ಮಾ ನನ್ನನ್ನು ಕೇಳಿದಳು, ಹೊಸ ಪದವನ್ನು
ಬಿಸಿ ಪಾತ್ರೆಯಂತೆ ಹುಷಾರಾಗಿ ಎತ್ತಿ:
ನಾಳೆಗೆ ಇರತ್ತಾ?

ಇರತ್ತೆ, ಅಂದೆ.
ಡಬ್ಬಿಯ ಮುಚ್ಚಳ ಗಟ್ಟಿ ಹಾಕು.